ಸಂದಿನಲ್ಲಿ ಸಿಕ್ಕ ಗೋಣಿನಾರು

ನಮ್ಮ ವರ್ಕ್‌ಶಾಪಿಗೆ ಕಾರು ತಂದವರು ದೂರು ಹೇಳಿದ್ದು ಕಾರಿನ ಮೇಲಲ್ಲ, ಹೆಂಡತಿಯ ಮೇಲೆ.

ಬಿಳಿ ಬಣ್ಣದ ಸಣ್ಣ ಕಾರು. ಕಮಲಾಪುರದ ಮನೆಯದು. ಯಜಮಾನರು ಹುಮನಾಬಾದಿನ ಕಚೇರಿಯೊಂದರಲ್ಲಿ ಗುಮಾಸ್ತರು, ದಿನಾ ಮೋಟಾರ್‌ಸೈಕಲ್ಲಿನ ಮೇಲೆ ಆ ಕಡೆ ಹೋಗುತ್ತಾರೆ. ಅವರ ಹೆಂಡತಿ ಕಲಬುರಗಿಯ ಅಂಚಿನ ಶಾಲೆಯೊಂದರಲ್ಲಿ ಟೀಚರ್, ಕಾರಿನಲ್ಲಿ ಈ ಕಡೆ ಬರುತ್ತಾರೆ. ಅದೇ ಶಾಲೆಯ ಇನ್ನು ಮೂವರು ಟೀಚರುಗಳು ಅವರ ಕಾರಿನಲ್ಲೇ ಹೋಗಿಬರುತ್ತಾರೆ. ಹಿಂದಿನ ತಿಂಗಳು ಮಹಾಗಾಂವ ಕ್ರಾಸಿನಲ್ಲಿ ಬಾಳೆಗೊನೆ ತುಂಬಿದ ಆಟೊ ಒಂದು ಮುಂದೆ ಗಕ್ಕನೆ ನಿಂತಿತು. ಟೀಚರ್ ಬ್ರೇಕ್ ಹಾಕಿದರೂ ಕಾರಿನ ಎಡಮೂಲೆ ಆಟೊದ ಹಿಂಬದಿಗೆ ತಾಗಿತು. ಯಾರಿಗೂ ಗಾಯವಾಗಲಿಲ್ಲ. ಆಟೊದವನು ತನ್ನ ಗೊನೆಗಳನ್ನು ನೋಡಿಕೊಂಡು ಹೊರಟುಹೋದ. ಇಷ್ಟೇ ನಡೆದದ್ದು.

"ಗಾಡಿ ಬರೋಬ್ಬರಿ ಅದರಿ ಸರ್," ಎಂದರು ಯಜಮಾನರು. "ನಾ ಓಡಿಸಿದ್ರ ಏನೂ ಆಗಂಗಿಲ್ಲ. ಆಕಿ ಓಡಿಸಿದ್ರ ಹಿಂದಿನ ಬಾಜು ಜಾಡಿಸ್ತದ ಅಂತಾಳ. ಗಾಡಿ ಸರಿ ಅದ ಅಂತ ಒಂದು ಹಾಳ್ಯಾಗ ಬರದು ಸಹಿ ಹಾಕಿ ಕೊಡ್ರಿ, ಸಾಕು. ಮನ್ಯಾಗ ತೋರಸ್ತೀನಿ. ಆಕಿ ಚಾವಿ ಕೆಳಗಿಡ್ತಾಳ."

ಕೆಟ್ಟ ಮನುಷ್ಯರಲ್ಲ. ಹೆದರಿದ್ದರು. ಆಕೆ ಒಬ್ಬಳೇ ಹೋಗುವುದಾದರೆ ಮಾತು ಬೇರೆ, ಮೂರು ಮನೆಯ ಹೆಣ್ಣುಮಕ್ಕಳನ್ನು ಕೂರಿಸಿಕೊಂಡು ಹೋಗುತ್ತಾಳೆ, ನಾಳೆ ಏನಾದರೂ ಆದರೆ ಊರಲ್ಲಿ ಯಾರ ಮುಖ ನೋಡಲಿ ಎಂದು ಕೇಳಿದರು. ಕಾರು ಬಿಟ್ಟು, ಸಂಜೆಗೆ ಬರುತ್ತೇನೆಂದು ಹೋದರು.

ಸಹಿಯ ವಿಷಯ ಒಂದು ಮಾತು ಹೇಳಬೇಕು. ನಮ್ಮ ತಂದೆ ಕಲಬುರಗಿ ಸ್ಟೇಶನ್ನಿನಲ್ಲಿ ಹಮಾಲಿ ಮಾಡಿದವರು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ವರ್ಕ್‌ಶಾಪಿನ ರಿಪೋರ್ಟಿನಲ್ಲಿ ನನ್ನ ಹೆಸರಿನ ಮುಂದೆ ಬಿ.ಇ. ಎಂದು ಇವತ್ತಿಗೂ ಪೂರ್ತಿ ಬರೆಯುತ್ತೇನೆ. ನಗುವವರು ನಗಲಿ. ಆ ಎರಡು ಅಕ್ಷರ ಮನೆಗೆ ಬರಬೇಕಾದರೆ ಎಷ್ಟು ಸಂದೂಕುಗಳು ಪ್ಲಾಟ್‌ಫಾರ್ಮ್ ದಾಟಬೇಕಾಯಿತು ಎಂಬುದು ನನಗೆ ಗೊತ್ತು. ಹಾಗಾಗಿ ನೋಡದೆ ಸಹಿ ಹಾಕುವವನು ನಾನಲ್ಲ.

ಸಣ್ಣ ಡಿಕ್ಕಿಯಾದ ಕಾರನ್ನು ನಾನು ಮೊದಲು ನೋಡುವುದು ಬೆರಳಿನಿಂದ. ಬಾನೆಟ್ಟಿಗೂ ಮಡ್‌ಗಾರ್ಡಿಗೂ ನಡುವಿನ ಸಂದು, ಬಾಗಿಲ ಸಂದು, ಹಿಂದೆ ಸಾಮಾನಿಡುವ ಡಿಕ್ಕಿಯ ಬಾಗಿಲಿನ ಸಂದು ಇವೆಲ್ಲ ಎಡಕ್ಕೂ ಬಲಕ್ಕೂ ಒಂದೇ ಅಗಲ ಇರಬೇಕು. ಬೆರಳ ತುದಿ ಆಡಿಸಿದರೆ ವ್ಯತ್ಯಾಸ ತಿಳಿಯುತ್ತದೆ. ಇಲ್ಲಿ ಎಲ್ಲ ಸರಿಯಿತ್ತು. ಆಮೇಲೆ ಮುಂದಿನ ಬಂಪರ್ ಬಿಚ್ಚಿಸಿದೆ. ಅದರ ಹಿಂದೆ ಪೆಟ್ಟು ತಡೆಯಲು ಒಂದು ಅಡ್ಡಪಟ್ಟಿ ಇರುತ್ತದೆ. ಎಡತುದಿಯಲ್ಲಿ ಅದು ಒಳಗೆ ಬಾಗಿ, ಮತ್ತೆ ಹೊರಗೆ ಜಗ್ಗಿಸಿಕೊಂಡಿತ್ತು. ಜಗ್ಗಿದ ಕಡೆ ಬಣ್ಣ ಹೋಗಿತ್ತು. ಎಲ್ಲಿ ಮಾಡಿಸಿದಿರಿ ಎಂದು ಯಜಮಾನರಿಗೆ ಫೋನ್ ಮಾಡಿದೆ. ತಮ್ಮ ಅಪ್ಪ ಊರಲ್ಲೇ ಮಾಡಿಸಿದರು, ತಾವು ಮನೆಗೆ ಬರುವುದರೊಳಗೆ ಸರಿಯಾಗಿತ್ತು, ಬಂಪರಿನ ಮೇಲೆ ಒಂದು ಸೀಳು ಬಿಟ್ಟರೆ ತಾವು ಬೇರೇನೂ ನೋಡಿಲ್ಲ ಎಂದರು.

ಕಾರನ್ನು ಲಿಫ್ಟಿಗೆ ಏರಿಸಿದೆವು. ಲಾರಿಗೆ ಮೈ ಬೇರೆ, ಚಾಸಿ ಬೇರೆ. ಈಗಿನ ಸಣ್ಣ ಕಾರಿಗೆ ಹಾಗಿಲ್ಲ. ತಗಡನ್ನೇ ಮಡಿಸಿ, ಪೆಟ್ಟಿಗೆಯ ಹಾಗೆ ಮಾಡಿ, ಬೆಸೆದ ಮೈಯೇ ಅದರ ಎಲುಬು. ಒಂದು ಮೂಲೆಗೆ ಬಿದ್ದ ಪೆಟ್ಟು ಇನ್ನೊಂದು ಮೂಲೆಯಲ್ಲಿ ಹೊರಬೀಳಬಹುದು. ಅದನ್ನು ಹಿಡಿಯಲು ಕರ್ಣ ಅಳೆಯುತ್ತೇವೆ. ಕಾರಿನ ತಳದಲ್ಲಿ ಕಂಪನಿಯವರೇ ಬಿಟ್ಟ ತೂತುಗಳಿರುತ್ತವೆ. ಎರಡು ತುದಿಗೆ ಚೂಪು ಕಡ್ಡಿಯಿರುವ ಉದ್ದನೆಯ ಅಳತೆ ಸರಳನ್ನು ಎಡ ಮುಂದಿನ ತೂತಿನಿಂದ ಬಲ ಹಿಂದಿನ ತೂತಿಗೆ ಇಟ್ಟು ನೋಡಬೇಕು, ಬಲ ಮುಂದಿನಿಂದ ಎಡ ಹಿಂದಕ್ಕೆ ಇಟ್ಟು ನೋಡಬೇಕು. ಎರಡೂ ಸಮ ಬಂದರೆ ಮೈ ನೆಟ್ಟಗಿದೆ ಎಂದು ಅರ್ಥ.

ಸಮ ಬಂದವು. ನಮ್ಮ ಡೆಂಟಿಂಗ್ ಮಿಸ್ತ್ರಿ ಸರಳಿನ ಇನ್ನೊಂದು ತುದಿ ಹಿಡಿದಿದ್ದರು. ಕೋಟೆಯ ಹತ್ತಿರದವರು, ವಯಸ್ಸಿನಲ್ಲಿ ನನಗಿಂತ ಬಹಳ ಹಿರಿಯರು; ನಾವೆಲ್ಲ ಚಾಚಾ ಅನ್ನುತ್ತೇವೆ. ಮತ್ತೊಮ್ಮೆ ಅಳೆಯೋಣ ಎಂದೆ. ಮತ್ತೆ ಸಮ.

ಬಲ ಹಿಂದಿನ ಚಕ್ರದ ಹತ್ತಿರ ಟಾರ್ಚ್ ಬಿಟ್ಟು ನೋಡುವಾಗ ಒಂದು ನಾರು ಕಂಡಿತು. ಈ ಜಾತಿಯ ಕಾರಿಗೆ ಹಿಂದಿನ ಎರಡು ಚಕ್ರಗಳನ್ನು ಜೋಡಿಸುವ ಒಂದು ಅಡ್ಡ ತೊಲೆ ಇರುತ್ತದೆ. ಆ ತೊಲೆಯನ್ನು ಮೈಗೆ ಹಿಡಿದಿಡುವ ಬ್ರಾಕೆಟ್ ಒಂದೊಂದು ಕಡೆ ಒಂದೊಂದು. ಬಲಗಡೆಯ ಬ್ರಾಕೆಟ್ಟಿನ ಅಂಚಿನಿಂದ ಗೋಣಿಚೀಲದ ನಾರು ಬೆರಳುದ್ದ ಹೊರಗೆ ಚಾಚಿತ್ತು. ಎಳೆದೆ. ಬರಲಿಲ್ಲ. ನಮ್ಮ ರಸ್ತೆಗಳ ಮೇಲೆ ಓಡುವ ಗಾಡಿಯ ಕೆಳಗೆ ಹುಲ್ಲು, ದಾರ, ಪ್ಲಾಸ್ಟಿಕ್ಕು, ಎಲ್ಲ ಸಿಕ್ಕಿಕೊಂಡಿರುತ್ತದೆ. ಮೇಲೆ ಎರೆಮಣ್ಣು ಮೆತ್ತಿತ್ತು. ಬಿಟ್ಟು ಮುಂದೆ ಹೋದೆ.

ನಾಲ್ಕು ಚಕ್ರಗಳ ಅಲೈನ್‌ಮೆಂಟ್ ಮಾಡಿಸಿದೆ. ಬಲ ಹಿಂದಿನ ಚಕ್ರ ಒಂದು ಕೂದಲೆಳೆಯಷ್ಟು ಹಿಂದಿತ್ತು, ಆದರೆ ಕಂಪನಿ ಕೊಟ್ಟ ಮಿತಿಯೊಳಗೇ ಇತ್ತು. ಬಂಪರ್ ಕೂರಿಸಿ, ಚಾಚಾರನ್ನು ಪಕ್ಕಕ್ಕೆ ಕೂರಿಸಿಕೊಂಡು ರಿಂಗ್ ರೋಡಿನಲ್ಲಿ ಓಡಿಸಿದೆ. ಜೋರಾಗಿ ಹೋಗಿ ಬ್ರೇಕ್ ಒತ್ತಿದೆ. ಸ್ಟೇರಿಂಗಿನಿಂದ ಕೈ ಸಡಿಲಿಸಿ ನೋಡಿದೆ. ರಸ್ತೆಯ ಹಂಪಿನ ಮೇಲೆ ಬೇಕೆಂದೇ ಹಾರಿಸಿದೆ. ಕಾರು ಶಾಲೆಗೆ ಹೋಗುವ ಜಾಣ ಹುಡುಗನ ಹಾಗೆ ನೆಟ್ಟಗೆ ಹೋಯಿತು.

"ಸಾಬ್, ಗಾಡಿಗಿ ಬ್ಯಾನಿ ಇಲ್ಲ," ಎಂದರು ಚಾಚಾ. "ಬ್ಯಾನಿ ಗಂಡಗ ಅದ. ಅದಕ್ಕ ನಮ್ಮ ಕಡಿ ಸ್ಪ್ಯಾನರ್-ಪಾನಾ ಇಲ್ಲ."

ನಕ್ಕೆವು. ಸಂಜೆ ಯಜಮಾನರು ಬಂದರು. ಅಳತೆಗಳೆಲ್ಲ ಸರಿ ಬಂದಿವೆ ಎಂದು ಹೇಳಿದೆ. ಹಾಗಾದರೆ ಬರೆಯಿರಿ ಎಂದರು. ಹಾಳೆ ತೆಗೆದು, ಕಾರಿನ ನಂಬರು ಬರೆದು, ಮುಂದಿನ ಸಾಲಿಗೆ ಬಂದಾಗ ಕೈ ನಿಂತಿತು. ದೂರು ಯಾರದು ಎಂದು ಬರೆಯಬೇಕಾದ ಜಾಗ ಅದು. ದೂರು ಟೀಚರದು. ಅವರನ್ನು ನಾನು ನೋಡಿಯೇ ಇರಲಿಲ್ಲ, ಅವರ ಮಾತು ಕೇಳಿರಲಿಲ್ಲ. ಗಂಡ ಹೇಳಿದ್ದನ್ನು ಕೇಳಿ ಹೆಂಡತಿಯ ಕೈಗೆ ತೀರ್ಪು ಬರೆಯಲು ಕೂತಿದ್ದೆ.

ಓಡಿಸುವವರ ಜೊತೆ ಮಾತಾಡದೆ ಸಹಿ ಹಾಕಲಾರೆ ಎಂದೆ. ಯಜಮಾನರಿಗೆ ಅದು ಹಿಡಿಸಲಿಲ್ಲ. ಆದರೂ ನಂಬರು ಕೊಟ್ಟರು. ಅವರೆದುರೇ ಫೋನ್ ಮಾಡಿದೆ.

ಟೀಚರ್ ದೂರನ್ನು ಪಾಠ ಹೇಳುವ ಹಾಗೆ ಹೇಳಿದರು. ಬೆಳಿಗ್ಗೆ ಮನೆಯಿಂದ ಹೊರಡುವಾಗ ಏನೂ ಇಲ್ಲ. ಗೆಳತಿಯರು ಹತ್ತಿದ ಮೇಲೆ, ಅದೂ ಹಂಪಿನ ಮುಂದೆ ಬ್ರೇಕ್ ಒತ್ತಿದಾಗ, ಹಿಂದಿನ ಭಾಗ ಒಂದು ಸಲ ಪಕ್ಕಕ್ಕೆ ಒದೆಯುತ್ತದೆ. ಸ್ಟೇರಿಂಗ್ ಎಡಕ್ಕೆ ಹೋಗುತ್ತದೆ. ಎಲ್ಲರೂ ಇಳಿದ ಮೇಲೆ ಮತ್ತೆ ಸುಮ್ಮನಾಗುತ್ತದೆ.

"ಒಬ್ಬಾಕಿನೇ ಇದ್ರ ಏನೂ ಆಗಂಗಿಲ್ಲ ಸರ್. ಅದಕ್ಕ ಇವರಿಗಿ ಗೊತ್ತಾಗಂಗಿಲ್ಲ. ಇವರು ಯಾವಾಗ್ಲೂ ಒಬ್ಬರೇ ಓಡಿಸಿ ನೋಡ್ತಾರ."

ಬಂಪರ್ ಒಳಗೆ ಹೋದಾಗ ಸರಿ ಮಾಡಿದ್ದು ಯಾರು ಎಂದು ಕೇಳಿದೆ.

"ಊರಾಗೇ ಜಗ್ಗಿದ್ರು ರೀ," ಎಂದರು. ಯಾರು ಎಂದು ಹೇಳಲಿಲ್ಲ.

ಫೋನ್ ಇಟ್ಟಮೇಲೆ ನನ್ನ ಮೇಲೆ ನನಗೇ ನಗು ಬಂತು. ಖಾಲಿ ಸಂದೂಕು ಎತ್ತಿ ನೋಡಿ ಹಿಡಿಕೆ ಗಟ್ಟಿ ಅನ್ನುವ ಹಮಾಲಿಯನ್ನು ನಾನು ಕಂಡಿಲ್ಲ. ಹಮಾಲಿಯ ಮಗನಾಗಿ ಖಾಲಿ ಕಾರು ಓಡಿಸಿ, ಸರಿ ಅದ ಅಂತ ಬರೆಯಲು ಹೊರಟಿದ್ದೆ.

ಕಾರು ಇಲ್ಲೇ ಇರಲಿ ಎಂದು ಯಜಮಾನರನ್ನು ಕಳಿಸಿ, ಮಾರನೆಯ ದಿನ ಶಾಲೆ ಬಿಟ್ಟಮೇಲೆ ಟೀಚರುಗಳನ್ನೇ ವರ್ಕ್‌ಶಾಪಿಗೆ ಕರೆಸಿದೆ. ನಾಲ್ವರೂ ಬಂದರು. ಮೂವರು ಹಿಂದೆ ಕೂತರು, ನಾನು ಮುಂದೆ ಕೂತೆ, ಕಾರಿನ ಒಡತಿ ಸ್ಟೇರಿಂಗ್ ಹಿಡಿದರು. ಹಿಂದಿನವರಲ್ಲಿ ಒಬ್ಬರು ಸ್ವಲ್ಪ ದಪ್ಪಗಿದ್ದರು, "ಸರ್, ನನ್ನ ತೂಕ ಬರಕೋಬ್ಯಾಡ್ರಿ ಮತ್ತ," ಎಂದರು. ಕಮಲಾಪುರದ ರಸ್ತೆ ಹಿಡಿದೆವು. ಟೀಚರ್ ಚೆನ್ನಾಗಿ ಓಡಿಸುತ್ತಿದ್ದರು. ಗೇರು ಬದಲಿಸುವಾಗ ಅವಸರವಿಲ್ಲ, ಕನ್ನಡಿ ನೋಡುವುದು ಮರೆಯುವುದಿಲ್ಲ. ಮುಂದಿನ ಗಾಡಿಗೂ ತಮಗೂ ನಡುವೆ ಒಂದು ಲಾರಿ ಹಿಡಿಯುವಷ್ಟು ಜಾಗ ಬಿಟ್ಟಿದ್ದರು. ಆ ಆಟೊದ ನೆನಪು ಇನ್ನೂ ಕಾಲಲ್ಲಿತ್ತು.

ಮಹಾಗಾಂವ ಕ್ರಾಸ್ ಹತ್ತಿರ ಬರುತ್ತಿದ್ದಂತೆ ಹಿಂದಿನ ಸೀಟಿನ ಮಾತು ತಾನಾಗಿಯೇ ನಿಂತಿತು. ಮೂವರೂ ಮುಂದಿನ ಸೀಟುಗಳ ಬೆನ್ನು ಹಿಡಿದುಕೊಂಡರು. ದಿನಾ ಹಿಡಿದುಕೊಳ್ಳುತ್ತಾರೆ ಎಂದು ಆ ಕೈಗಳೇ ಹೇಳಿದವು. ಟೀಚರ್ ಹಂಪಿನ ಮುಂದೆ ಬ್ರೇಕ್ ಒತ್ತಿದರು.

ಕಾರಿನ ಹಿಂಭಾಗ ಬಲಕ್ಕೆ ಒದೆಯಿತು, ಮೂತಿ ಎಡಕ್ಕೆ, ರಸ್ತೆಯಂಚಿನ ಕಡೆಗೆ ತಿರುಗಿತು. ಅವರು ತಯಾರಾಗೇ ಇದ್ದರು, ಸ್ಟೇರಿಂಗ್ ಬಲಕ್ಕೆ ಹಿಡಿದು ಕಾರನ್ನು ದಾರಿಗೆ ತಂದರು. ಇಷ್ಟೂ ನಡೆಯಲು ಒಂದು ಉಸಿರಿನಷ್ಟು ಹೊತ್ತು ಹಿಡಿಯಿತು. ನಾನು ನಿಲ್ಲಿಸಲು ಹೇಳಿದೆ.

"ಈಗ ನಂಬ್ತೀರಿ?" ಎಂದರು ಟೀಚರ್. ನನ್ನ ಕಡೆ ನೋಡಲಿಲ್ಲ. ರಸ್ತೆಯನ್ನೇ ನೋಡುತ್ತಿದ್ದರು.

ನಂಬುತ್ತೇನೆ ಎಂದೆ. ಇನ್ನೂ ಒಂದು ಮಾತು ಹೇಳಬೇಕೆನಿಸಿತು. ಈ ಗಾಡಿಯನ್ನು ಇಷ್ಟು ದಿನ ಯಾರಿಗೂ ಏನೂ ಆಗದ ಹಾಗೆ ಓಡಿಸಿದ್ದು ಸಣ್ಣ ಕೈಗೆಲಸವಲ್ಲ ಎಂದೆ. ಅವರು ಸೆರಗಿನ ತುದಿಯಿಂದ ಮುಖ ಒರೆಸಿಕೊಂಡು ಇಳಿದರು. ಆ ಕಾರಿನಲ್ಲಿ ಅವತ್ತು ಇನ್ನು ಯಾರನ್ನೂ ಕೂರಿಸುವ ಹಾಗಿರಲಿಲ್ಲ. ನಾಲ್ವರನ್ನೂ ಬಸ್ಸು ಹತ್ತಿಸಿ, ಖಾಲಿ ಕಾರನ್ನು ನಿಧಾನವಾಗಿ ಓಡಿಸಿಕೊಂಡು ವರ್ಕ್‌ಶಾಪಿಗೆ ಮರಳಿದೆ.

ಈ ಸಲ ಹಿಂದಿನ ಸೀಟಿನ ಮೇಲೆ ಉಸುಕಿನ ಚೀಲಗಳನ್ನು ಹೇರಿ, ಕಾರನ್ನು ಸಮ ನೆಲದ ಮೇಲೆ ನಿಲ್ಲಿಸಿದೆವು. ಎಡ ಮುಂದಿನ ಚಕ್ರದಿಂದ ಎಡ ಹಿಂದಿನ ಚಕ್ರಕ್ಕೆ ಅಳೆದೆ. ಬಲಗಡೆಯೂ ಅಳೆದೆ, ಅಲ್ಲಿ ಒಂದು ಕೂದಲೆಳೆಯಷ್ಟು ಹೆಚ್ಚು ಬಂತು. ಆಮೇಲೆ ಚಾಚಾ ಬಲ ಹಿಂದಿನ ಚಕ್ರಕ್ಕೆ ಸಬ್ಬಲ್ ಎಂಬ ಕಬ್ಬಿಣದ ಹಾರೆ ಕೊಟ್ಟು ಮೀಟಿದರು. ಚಕ್ರ ಹಿಂದಕ್ಕೆ ಸರಿಯಿತು. ಬಿಟ್ಟರೆ ಮತ್ತೆ ಜಾಗಕ್ಕೆ ಬಂತು. ಚಾಚಾ ನಗಲಿಲ್ಲ. ಇನ್ನೊಂದು ಸಲ ಮೀಟಿ ನೋಡಿ, ಸಬ್ಬಲ್ ಕೆಳಗಿಟ್ಟು, "ಯಾ ಅಲ್ಲಾ, ಇದರಾಗ ಹೆಣ್ಮಕ್ಳು ಕೂತು ಹೋಗ್ಯಾರ," ಎಂದರು.

ಆ ನಾರು ಆಗ ನೆನಪಾಯಿತು. ಕಾರನ್ನು ಏರಿಸಿ, ಬಲ ಬ್ರಾಕೆಟ್ಟಿನ ಮೇಲಿನ ಮಣ್ಣು ತೊಳೆಸಿ, ಕಂಪನಿಯವರು ತುಕ್ಕು ಹಿಡಿಯದಂತೆ ಬಳಿದ ಕಪ್ಪು ಲೇಪವನ್ನು ಕೆರೆದೆ. ಬ್ರಾಕೆಟ್ಟಿನ ಸುತ್ತ ತಗಡು ಹರಿದಿತ್ತು. ಬೆಸುಗೆಯ ಚುಕ್ಕೆಗಳು ಸಾಲಾಗಿ ಬಿಟ್ಟಿದ್ದವು. ಖಾಲಿ ಇದ್ದಾಗ ಹರಿದ ಅಂಚುಗಳು ಒಂದರೊಳಗೊಂದು ಕೂತು ಗಟ್ಟಿಯಿದ್ದಂತೆ ಕಾಣುತ್ತಿದ್ದವು. ಹೊರೆ ಬಿದ್ದು ಬ್ರೇಕ್ ಒತ್ತಿದಾಗ ಬಾಯಿ ಬಿಡುತ್ತಿದ್ದವು. ಗೋಣಿನಾರು ಆ ಎರಡು ತಗಡುಗಳ ನಡುವೆ ಸಿಕ್ಕಿತ್ತು. ಕಾರ್ಖಾನೆಯಲ್ಲಿ ಬೆಸೆದ ಸಂದು ಅದು, ಕೂದಲೂ ಹೋಗಬಾರದು. ನಾರು ಒಳಗೆ ಹೋಗಿದೆ ಎಂದರೆ ಒಂದು ಸಲ ಅದು ಅಗಲವಾಗಿ ತೆರೆದಿತ್ತು, ಆ ಹೊತ್ತಿಗೆ ಅಲ್ಲಿ ಗೋಣಿಚೀಲ ಇತ್ತು. ಅಡ್ಡ ತೊಲೆಯ ಮೇಲೂ ಬಲತುದಿಯ ಹತ್ತಿರ ಏನೋ ಒತ್ತಿದ ಗುರುತು. ಸರಪಳಿಯದು, ಆದರೆ ಮೊಂಡು ಮೊಂಡಾಗಿತ್ತು, ನಡುವೆ ಬಟ್ಟೆ ಇಟ್ಟು ಒತ್ತಿದ ಹಾಗೆ.

ಡಿಕ್ಕಿಯಾದದ್ದು ಎಡ ಮುಂದೆ. ಹರಿದದ್ದು ಬಲ ಹಿಂದೆ. ಆಟೊ ಇದನ್ನು ಮಾಡಿದ್ದಲ್ಲ. ಯಾರೋ ಕಾರನ್ನು ಮುಂದೆಯೂ ಹಿಂದೆಯೂ ಕಟ್ಟಿ ಜಗ್ಗಿದ್ದರು, ಬಣ್ಣ ಕೆರೆಯಬಾರದೆಂದು ಸರಪಳಿಗೆ ಗೋಣಿ ಸುತ್ತಿ, ಬಹಳ ಪ್ರೀತಿಯಿಂದ ಜಗ್ಗಿದ್ದರು.

ಯಾವ ಕಡೆಯಿಂದ, ಎಷ್ಟು ಸಲ ಜಗ್ಗಿದ್ದಾರೆ ಎಂಬುದು ನನಗೆ ಬೇಕಾಗಿತ್ತು. ತಗಡು ಯಾವ ದಿಕ್ಕಿಗೆ ಹೋಗಿದೆಯೋ ಅದರ ಎದುರು ದಿಕ್ಕಿಗೇ ಅದನ್ನು ತರಬೇಕು, ಇಲ್ಲದಿದ್ದರೆ ಇನ್ನೊಂದು ಕಡೆ ಹರಿಯುತ್ತದೆ. ಫೋನಿನಲ್ಲಿ ಕೇಳುವ ಮಾತಲ್ಲ ಇದು. ಮಾರನೆಯ ಮಧ್ಯಾಹ್ನ ಬಸ್ಸು ಹತ್ತಿ ಕಮಲಾಪುರಕ್ಕೆ ಹೋದೆ.

ಮನೆಯಲ್ಲಿ ಟೀಚರರ ಮಾವ, ಯಜಮಾನರ ಅಪ್ಪ, ಒಬ್ಬರೇ ಇದ್ದರು. ಎತ್ತರದ ಆಳು, ತಲೆಗೆ ಟವೆಲ್ ಸುತ್ತಿದ್ದರು. ವರ್ಕ್‌ಶಾಪಿನಿಂದ ಬಂದವನೆಂದು ಹೇಳುತ್ತಿದ್ದಂತೆ ನೀರು ತಂದರು, ಕೆಂಪು ಬಾಳೆಹಣ್ಣಿನ ಇಡೀ ಚಿಪ್ಪನ್ನೇ ತಂದು ಮುಂದಿಟ್ಟು ಒಂದನ್ನಾದರೂ ತಿನ್ನದೆ ಮಾತಾಡಬೇಡಿ ಎಂದರು. ತಿನ್ನುತ್ತಲೇ ಅಂಗಳದ ಬೇವಿನ ಗಿಡ ನೋಡಿದೆ. ಸೊಂಟದೆತ್ತರಕ್ಕೆ ಅದರ ಸುತ್ತ ತೊಗಟೆ ಸವೆದು ನುಣ್ಣಗಾಗಿತ್ತು. ಆ ಜಾಗಕ್ಕೆ ಗೋಣಿಚೀಲ ಸುತ್ತಿ ಕಟ್ಟಿತ್ತು. ಬುಡದಲ್ಲಿ ಸರಪಳಿ ಸುರುಳಿ ಸುತ್ತಿ ಇಟ್ಟಿತ್ತು. ಆಚೆ ಟ್ರ್ಯಾಕ್ಟರ್.

ನಾನು ನೋಡುವುದನ್ನು ಅವರು ನೋಡಿದರು. ಮುಚ್ಚಿಡಲಿಲ್ಲ, ಹೆಮ್ಮೆಯಿಂದಲೇ ಹೇಳಿದರು.

"ಇದು ನಮ್ಮ ಓಣಿ ವರ್ಕ್‌ಶಾಪ್ ನೋಡ್ರಿ. ನೇಗಿಲಾಗ್ಲಿ, ಟ್ರಾಲಿ ಹುಕ್ಕಾಗ್ಲಿ, ಗೇಟಾಗ್ಲಿ, ಏನ ಡೊಂಕಾದ್ರೂ ಇಲ್ಲೇ ತರ್ತಾರ. ಒಂದು ತುದಿ ಗಿಡಕ್ಕ, ಒಂದು ತುದಿ ಟ್ರ್ಯಾಕ್ಟರಿಗಿ. ನಮ್ಮಪ್ಪ ಎತ್ತು ಹೂಡಿ ಜಗ್ಗತಿದ್ದ."

ಆ ಸಂಜೆಯ ಕಥೆಯನ್ನೂ ಅವರೇ ಹೇಳಿದರು. ಸೊಸೆ ಕಾರು ತಂದು ಅಂಗಳದಲ್ಲಿ ನಿಲ್ಲಿಸಿದಳು, ಇಳಿಯಲಿಲ್ಲ. ಸ್ಟೇರಿಂಗ್ ಹಿಡಿದುಕೊಂಡೇ ಕೂತಿದ್ದಳು.

"ಮಾಮಾ, ಇವತ್ತಿಗಿ ಮುಗೀತು, ಇನ್ನ ಇವರು ನನ್ನ ಕೈಯಾಗ ಗಾಡಿ ಕೊಡಂಗಿಲ್ಲ ಅಂದ್ಲು. ನಾ ಅಂದೆ, ಏನೂ ಮುಗಿದಿಲ್ಲವ್ವ, ನೀ ಮುಖ ತೊಳಕೋ ಹೋಗು. ಅಂವ ಬರೋದ್ರಾಗ ನಾ ಗಾಡಿ ಮೂತಿ ನೆಟ್ಟಗ ಮಾಡ್ತೀನಿ."

ಕಾರು ಕಲಿಯಲು ಅವಳಿಗೆ ಹೇಳಿದವರೂ ಅವರೇ. ಬಸ್ಸಿನಲ್ಲಿ ನಿಂತು ಹೋಗಿ, ನಿಂತು ಬಂದು, ಮತ್ತೆ ಒಲೆಯ ಮುಂದೆ ನಿಲ್ಲುವುದನ್ನು ನೋಡಲಾರದೆ, ಮಗನಿಗೆ ಗದರಿಸಿ ಒಪ್ಪಿಸಿದ್ದರು.

ಹಿಂದೆ ಎಲ್ಲಿ ಕಟ್ಟಿದ್ದಿರಿ ಎಂದು ಕೇಳಿದೆ. ಬಗ್ಗಿ, ನೆಲದ ಮೇಲೆ ಕಡ್ಡಿಯಿಂದ ಕಾರು ಬರೆದು ತೋರಿಸಿದರು. ಮುಂದಿನ ಎಡಮೂಲೆ ಗಿಡಕ್ಕೆ. ಹಿಂದೆ ಅಡ್ಡ ತೊಲೆಯ ಬಲತುದಿ ಟ್ರ್ಯಾಕ್ಟರಿಗೆ, ಎಡಕ್ಕೆ ಸೈಲೆನ್ಸರ್ ಪೈಪು ಅಡ್ಡ ಬರುತ್ತಿತ್ತು. ಮೊದಲ ಸಲ ಜಗ್ಗಿದಾಗ ಮೂತಿ ಅರ್ಧ ಬಂತು. ಎರಡನೆಯ ಸಲ ಗಾಡಿಯ ಒಳಗೆಲ್ಲೋ ಟಣ್ ಅಂತ ಸಪ್ಪಳವಾಗಿ ಪೂರ್ತಿ ಬಂತು. ಆ ಸಪ್ಪಳವನ್ನು ಅವರು ಕೆಲಸ ಮುಗಿದ ಗುರುತು ಎಂದುಕೊಂಡರು. ನೇಗಿಲು ನೆಟ್ಟಗಾಗುವಾಗಲೂ ಹಾಗೇ ಸಪ್ಪಳ ಬರುತ್ತದಂತೆ.

ನನಗೆ ಬೇಕಾದದ್ದೆಲ್ಲ ಸಿಕ್ಕಿತ್ತು. ಎದ್ದು ಬಸ್ಸಿಗೆ ಹೋಗಬಹುದಿತ್ತು. ರಿಪೋರ್ಟಿನಲ್ಲಿ ಬಲ ಹಿಂದಿನ ಬ್ರಾಕೆಟ್ ಹರಿದಿದೆ ಎಂದಷ್ಟೇ ಬರೆದರೆ ನನ್ನ ಕೆಲಸ ಮುಗಿಯುತ್ತಿತ್ತು, ಅದರಲ್ಲಿ ಸುಳ್ಳೂ ಇರುತ್ತಿರಲಿಲ್ಲ. ಆದರೆ ಅದನ್ನು ಓದಿದ ಮಗ ಏನೆಂದುಕೊಳ್ಳುತ್ತಾರೆ? ಹಿಂದೆಯೂ ಎಲ್ಲೋ ಗುದ್ದಿಸಿದ್ದಾಳೆ, ಮುಚ್ಚಿಟ್ಟಿದ್ದಾಳೆ ಎಂದು. ಚಾವಿ ಅವತ್ತೇ ಹೋಗುತ್ತದೆ. ಹಾಳೆ ಸರಿಯಿದ್ದೂ ತೀರ್ಪು ತಪ್ಪಾಗುತ್ತದೆ. ಈ ಕಡೆ ನೋಡಿದರೆ, ಸೊಸೆಯ ಸಲುವಾಗಿ ಟ್ರ್ಯಾಕ್ಟರ್ ಹೂಡಿದ ಮನುಷ್ಯನ ಮುಂದೆ ಕೂತು ಅವರ ಬಾಳೆಹಣ್ಣು ತಿಂದಿದ್ದೇನೆ. ಹೇಳಿಬಿಡುವುದೇ ಸರಿ ಎಂದು ತೀರ್ಮಾನಿಸಿದೆ.

"ಕಾಕಾ, ನೇಗಿಲು ಒಂದೇ ಕಬ್ಬಣ. ಇದು ತಗಡು ಮಡಿಚಿ ಮಾಡಿದ್ದು. ಮುಂದಿಂದು ಹೊರಗ ಬಂತು ಖರೇ. ಆ ಟಣ್ ಅಂತ ಸಪ್ಪಳ ಆತಲ್ಲ, ಅದು ಹಿಂದಿಂದು ಹರಿದದ್ದು."

ಅವರು ನೆಲದ ಮೇಲೆ ತಾವೇ ಬರೆದ ಕಾರನ್ನು ನೋಡುತ್ತ ಕೂತರು.

"ಹಂಗಾದ್ರ ಆಕಿ ಹೇಳಿದ್ದು ಖರೇ?"

"ಖರೇ ಕಾಕಾ. ನಾನೇ ಕೂತು ನೋಡೀನಿ."

"ನಾ ಆಕಿಗಿ ಅಂದಿದ್ದೆ. ಕೈ ಇನ್ನಾ ಹೆದರ್ಯಾವ, ರೂಢಿ ಆಗ್ತದ ಬಿಡವ್ವ ಅಂದಿದ್ದೆ." ಕಡ್ಡಿ ಕೆಳಗಿಟ್ಟರು. "ಆಕಿ ಸುಮ್ನಾದ್ಲು."

ರಿಪೋರ್ಟಿನಲ್ಲಿ ಕಾರಣ ಬರೆಯಬೇಕಾಗುತ್ತದೆ, ಬರೆಯದಿದ್ದರೆ ಸೊಸೆಯ ಮೇಲೆಯೇ ತಪ್ಪು ಬರುತ್ತದೆ ಎಂದೆ. ತಲೆಯಾಡಿಸಿದರು. ಬರೆಯಿರಿ, ಆದರೆ ಮಗ ಹಾಳೆಯಲ್ಲಿ ಓದುವ ಮೊದಲು ನನ್ನ ಬಾಯಿಂದ ಕೇಳಲಿ, ಅಲ್ಲಿಯವರೆಗೆ ನೀವು ಇರಿ ಎಂದರು.

ಟೀಚರ್ ಬಸ್ಸಿಳಿದು ಮೊದಲು ಬಂದರು. ನನ್ನನ್ನು ಅಲ್ಲಿ ಕಂಡು, ಗಿಡದ ಕಡೆ ನೋಡಿ, ಏನೂ ಕೇಳದೆ ಚಹಾ ಇಡಲು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಯಜಮಾನರ ಮೋಟಾರ್‌ಸೈಕಲ್ ಬಂತು. ಅವರು ಹೆಲ್ಮೆಟ್ ತೆಗೆಯುವುದರೊಳಗೇ ಅಪ್ಪ ಎದ್ದು ನಿಂತು ಹೇಳಿಬಿಟ್ಟರು. ಗಾಡಿ ಕೆಟ್ಟದ್ದು ನನ್ನ ಕೈಯಿಂದ, ಈ ಗಿಡಕ್ಕೆ ಕಟ್ಟಿ ಜಗ್ಗಿದವನು ನಾನು, ಹಿಂದಿನ ಚಕ್ರದ ಬುಡ ಹರಿದಿದೆ ಎಂದು.

ಮಗ ಹೆಲ್ಮೆಟ್ ಕೈಯಲ್ಲಿ ಹಿಡಿದು ನಿಂತರು.

"ಮೊದ್ಲೇ ಯಾಕ ಹೇಳ್ಲಿಲ್ಲಪ್ಪಾ?"

"ನೀ ದಿನಾ ಆಕಿಗಿ ಕೇಳ್ದಿ. ನನಗ ಒಂದಿನಾನೂ ಕೇಳ್ಲಿಲ್ಲ."

ಅಷ್ಟರಲ್ಲಿ ಚಹಾದ ತಟ್ಟೆ ಹಿಡಿದು ಟೀಚರ್ ಬಾಗಿಲಿಗೆ ಬಂದಿದ್ದರು. ಯಜಮಾನರು ಆ ಕಡೆ ತಿರುಗಿದರು.

"ನಿನಗ ಗೊತ್ತಿತ್ತು?"

"ಜಗ್ಗಿದ್ದು ಗೊತ್ತಿತ್ತು. ಮರುದಿನದಿಂದಾನೇ ಜಾಡಸ್ಲಿಕ್ಕ ಹತ್ತಿತ್ತು." ತಟ್ಟೆಯನ್ನು ಕಟ್ಟೆಯ ಮೇಲಿಟ್ಟರು. "ನನ್ನ ಸಲುವಾಗಿ ಜಗ್ಯಾರ. ಅವರ ಮ್ಯಾಲ ಹ್ಯಾಂಗ ಹಾಕ್ಲಿ?"

ಮುದುಕರು ಟವೆಲ್ ಬಿಚ್ಚಿ ಮುಖ ಒರೆಸಿಕೊಂಡು, ಮತ್ತೆ ಸುತ್ತಿಕೊಂಡರು. ಬಹಳ ಹೊತ್ತು ಸುತ್ತಿದರು. ಚಹಾ ಆರುವ ಮೊದಲು ಕುಡಿಯಿರಿ ಎಂದು ನಾನೇ ಹೇಳಬೇಕಾಯಿತು.

ಕೆಲಸ ನಾವು ಎಣಿಸಿದ್ದಕ್ಕಿಂತ ತಡವಾಯಿತು. ಅಡ್ಡ ತೊಲೆಯೂ ಸ್ವಲ್ಪ ತಿರುಚಿಕೊಂಡಿತ್ತು, ಹೊಸದು ಹೈದರಾಬಾದಿನಿಂದ ಬರಬೇಕಾಗಿತ್ತು. ಮೊದಲು ಬಂದದ್ದು ಬೇರೆ ಮಾದರಿಯ ಕಾರಿನದು, ಹಿಂದಕ್ಕೆ ಕಳಿಸಿದೆವು. ಆ ನಡುವೆ ಯಜಮಾನರೇ ಬೆಳಿಗ್ಗೆ ಬೇಗ ಹೊರಟು ಟೀಚರನ್ನು ಬಸ್ ಸ್ಟ್ಯಾಂಡಿಗೆ ಬಿಟ್ಟು ಹೋಗುತ್ತಿದ್ದರಂತೆ. ಮುದುಕರು ಒಂದು ದಿನ ಕೆಲಸ ನೋಡಲು ಬಂದರು. ಅವತ್ತು ಕಾರನ್ನು ಮೈ ನೆಟ್ಟಗೆ ಮಾಡುವ ಕಬ್ಬಿಣದ ಬೆಂಚಿಗೆ ಹಾಕಿದ್ದೆವು. ಹರಿದ ಕಡೆ ಸರಪಳಿ ಕಟ್ಟಿದ್ದು ಕಂಡು ಅವರಿಗೆ ತಡೆಯಲಾಗಲಿಲ್ಲ.

"ಇಷ್ಟೆಲ್ಲ ಓದಿ ನೀವೂ ಸರಪಳಿನೇ ಕಟ್ಟೀರಲ್ರಿ?"

"ನಾವು ಗಾಡೀನ ಮೊದ್ಲು ನಾಕೂ ಕಡಿ ಬಿಗಿ ಹಿಡ್ಕೋತೀವಿ ಕಾಕಾ. ಜಗ್ಗೋದು ಆಮ್ಯಾಲ."

ಕಾರಿನ ಕೆಳಗೆ ಬಗ್ಗಿ, ನಾಲ್ಕು ಹಿಡಿಕೆಗಳನ್ನೂ ಒಂದೊಂದಾಗಿ ಮುಟ್ಟಿ ನೋಡಿದರು. ಚಾಚಾ ಅವರಿಗೆ ತಮ್ಮ ಸ್ಟೂಲು ಕೊಟ್ಟರು. ಇಬ್ಬರೂ ತಮ್ಮ ಕಾಲದ ಗಾಡಿಗಳ ಗಟ್ಟಿತನ ಹೊಗಳಿ, ಈಗಿನ ತಗಡನ್ನು ಬೈದರು. ಸ್ವಲ್ಪ ಜಗ್ಗುವುದು, ಬಿಡುವುದು, ಅಳೆಯುವುದು, ಮತ್ತೆ ಸ್ವಲ್ಪ ಜಗ್ಗುವುದು. ಅಳತೆ ಜಾಗಕ್ಕೆ ಬಂದಮೇಲೆ ಹರಿದ ತಗಡನ್ನು ಕತ್ತರಿಸಿ ತೆಗೆದು, ಹೊಸ ತುಂಡು ಕೂರಿಸಿ ಬೆಸೆದೆವು. ನಾರನ್ನು ಚಾಚಾ ಇಕ್ಕಳದಿಂದ ಹಿಡಿದು ತೆಗೆದು ಮುದುಕರ ಕೈಗಿಟ್ಟರು. ಅವರು ಅದನ್ನು ಎಸೆಯಲಿಲ್ಲ, ಅಂಗಿಯ ಜೇಬಿಗೆ ಹಾಕಿಕೊಂಡರು.

ಕಾರು ಕೊಡುವ ದಿನ ಭಾನುವಾರ. ಉಸುಕಿನ ಚೀಲ ಹೇರಿ, ಸಬ್ಬಲ್ ಕೊಟ್ಟು ಮೀಟಿ ನೋಡಿದ್ದಾಗಿತ್ತು, ಚಕ್ರ ಅಲುಗಿರಲಿಲ್ಲ. ಆದರೂ ಕೊನೆಯ ಪರೀಕ್ಷೆಯನ್ನು ಮನುಷ್ಯರನ್ನೇ ಕೂರಿಸಿ ಮಾಡಬೇಕೆಂದೆ. ಟೀಚರ್ ಸ್ಟೇರಿಂಗಿಗೆ ಕೂತರು, ಮಾವ ಮುಂದೆ. ಹಿಂದೆ ಚಾಚಾ, ನಡುವೆ ನಾನು. ಬಲಮೂಲೆಯಲ್ಲಿ, ಸರಿಯಾಗಿ ಬೆಸುಗೆ ಹಾಕಿದ ಕಡೆಯ ಚಕ್ರದ ಮೇಲೆ, ಯಜಮಾನರು. ಅಲ್ಲಿ ಕೂರಲು ಯಾರೂ ಅವರಿಗೆ ಹೇಳಿರಲಿಲ್ಲ.

ಅದೇ ರಸ್ತೆ, ಮಹಾಗಾಂವ ಕ್ರಾಸಿನ ಅದೇ ಹಂಪು. ಹತ್ತಿರ ಬರುತ್ತಿದ್ದಂತೆ ಯಜಮಾನರ ಕೈ ಮುಂದಿನ ಸೀಟಿನ ಬೆನ್ನಿಗೆ ಹೋಯಿತು. ಆ ಮೂವರು ಟೀಚರುಗಳ ಕೈ ಹೋಗುತ್ತಿದ್ದ ಜಾಗಕ್ಕೇ. ಟೀಚರ್ ಬ್ರೇಕ್ ಒತ್ತಿದರು. ಕಾರು ತಗ್ಗಿತು, ಹಂಪು ಹತ್ತಿತು, ಇಳಿಯಿತು. ನೆಟ್ಟಗೆ.

ಯಜಮಾನರು ಸೀಟಿನ ಬೆನ್ನಿನಿಂದ ಕೈ ತೆಗೆದರು.

"ಇನ್ನೊಂದ್ ಸಲ ಮಾಡವ್ವ," ಎಂದರು ಮುದುಕರು.

ಮುಂದೆ ಹೋಗಿ ತಿರುಗಿಸಿಕೊಂಡು ಬಂದು ಇನ್ನೊಂದು ಸಲ ಮಾಡಿದರು. ಆಮೇಲೆ ಯಾರೂ ಕೇಳದೆ ಮತ್ತೊಂದು ಸಲ, ಈ ಸಲ ಸ್ವಲ್ಪ ಜೋರಾಗಿ. ಚಾಚಾರ ತಲೆ ಕಾರಿನ ಛಾವಣಿಗೆ ತಾಗಿತು. ಹಂಪು ಇನ್ನು ಸವೆದುಹೋಗುತ್ತದೆ, ಬಿಡಮ್ಮಾ ಎಂದರು. ಯಜಮಾನರು ನಕ್ಕರು. ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ವರ್ಕ್‌ಶಾಪಿಗೆ ಬಂದು ರಿಪೋರ್ಟು ಬರೆದೆ. ಹಾನಿ, ಕಾರಣ, ಮಾಡಿದ ಕೆಲಸ, ಹೊರೆಯೊಂದಿಗೆ ಓಡಿಸಿ ನೋಡಿದ್ದು. ಕೆಳಗೆ ಹೆಸರು, ಬಿ.ಇ., ಸಹಿ. ಯಜಮಾನರ ಕಡೆ ಚಾಚಿದೆ. ದೂರು ಆಕೆಯದು, ಆಕೆಗೇ ಕೊಡಿ ಎಂದರು. ಟೀಚರ್ ಅದನ್ನು ಓದದೆ ಮಡಚಿ ಮಾವನಿಗೆ ಕೊಟ್ಟರು.

ಹೊರಡುವಾಗ ಟೀಚರ್ ಕಾರಿಗೆ ಬೀಗ ಹಾಕಿ, ಎಲ್ಲರಿಗೆಂದು ಮನೆಯಿಂದ ತಂದಿದ್ದ ಬುತ್ತಿ ಹಿಡಿದು, ನಮಗೆಲ್ಲ ಚಹಾ ಕುಡಿಸುತ್ತೇನೆಂದು ಎದುರಿನ ಅಂಗಡಿಯ ಕಡೆ ನಡೆದರು. ಯಜಮಾನರು ರೂಢಿಯ ಪ್ರಕಾರ ಚಾವಿಗೆ ಕೈ ಚಾಚಿದರು. ಚಾಚಿದ ಮೇಲೆ ಅವರಿಗೇ ನೆನಪಾಯಿತೇನೋ, ಆ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ಹಾಗೇ ಹಿಡಿದಿದ್ದರು. ಟೀಚರ್ ಚಾವಿಯನ್ನು ತಮ್ಮ ಬ್ಯಾಗಿಗೆ ಹಾಕಿಕೊಂಡು, ಆ ಕೈಗೆ ತಮ್ಮ ಬುತ್ತಿಯ ಡಬ್ಬಿ ಕೊಟ್ಟು, ರಸ್ತೆ ದಾಟಿದರು.